ಓಮ್ನಿಗೆ ಬೇಸ್ ಪೆಟ್ಟಿಗೆ

ಓಮ್ನಿ ವ್ಯಾನಿನೊಳಗೆ ಸಬ್‌ವೂಫರ್ (ಹಾಡಿನ ತಗ್ಗು ದನಿಯ ಸ್ಪೀಕರ್) ಕೂರಿಸುವ ಪೆಟ್ಟಿಗೆ ಮಾಡುವುದಾದರೆ, ನಮ್ಮ ಬದಿಯಡ್ಕದ ಮಳೆಗೆ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬೇಡ. ನನ್ನ ಮೊದಲ ಪೆಟ್ಟಿಗೆಯ ಅಂಚು ಒಂದೇ ಮಳೆಗಾಲಕ್ಕೆ ಉಬ್ಬಿತು, ಉಗುರು ತಾಗಿದರೆ ಪುಡಿ ಉದುರುತ್ತಿತ್ತು. ಬೆಲೆ ಜಾಸ್ತಿಯಾದರೂ ನೀರು ತಾಳುವ 18 ಮಿ.ಮೀ. ಮರೈನ್ ಪ್ಲೈವುಡ್ ತನ್ನಿ.

10 ಇಂಚಿನ ಸಬ್‌ವೂಫರಿಗೆ ಒಳಗಿನ ಅಳತೆ 40, 30, 22 ಸೆಂ.ಮೀ. ಇಟ್ಟೆ. ಸುಮಾರು 26 ಲೀಟರ್ ಆಯಿತು. ನಿಮ್ಮ ಸ್ಪೀಕರಿನ ಜೊತೆ ಬಂದ ಕಾಗದ ನೋಡಿಯೇ ಹಲಗೆ ಕೊಯ್ಯಿಸಿ. ಫೆವಿಕಾಲ್ ಹಚ್ಚಿ, ಸ್ಕ್ರೂ ಬಿಗಿಯಿರಿ.

ಗಾಳಿ ಮಾತ್ರ ಸೋರಲೇಬಾರದು. ಒಳಮೂಲೆಗಳಿಗೆಲ್ಲ ಸಿಲಿಕಾನ್ ಎಳೆದು ಒಂದು ದಿನ ಒಣಗಿಸಿ. ಸ್ಪೀಕರ್ ಕೂರಿಸಿ, ಹಾಡು ಹಾಕಿ, ಊದುಬತ್ತಿಯನ್ನು ಸಂದಿನುದ್ದಕ್ಕೂ ನಿಧಾನವಾಗಿ ಒಯ್ಯಿರಿ. ಹೊಗೆ ನಡುಗಿದಲ್ಲಿ ಸೋರುತ್ತಿದೆ ಅಂತಲೇ ಅರ್ಥ. ನನ್ನದರಲ್ಲಿ ವಯರಿನ ತೂತಿನ ಹತ್ತಿರ ನಡುಗಿತು.

ಪೆಟ್ಟಿಗೆಯನ್ನು ವ್ಯಾನಿನ ನೆಲಕ್ಕೆ ಬೋಲ್ಟ್ ಮಾಡಿ. ತೂತು ಕೊರೆಯುವ ಮೊದಲು ಅಡಿಯಲ್ಲಿ ಪೆಟ್ರೋಲ್ ಪೈಪ್ ಇದೆಯಾ ಅಂತ ಬಗ್ಗಿ ನೋಡಿ.