ನನ್ನ ಕಾರಿನ ಎಂಜಿನ್ ಆಯಿಲ್: 20ಡಬ್ಲ್ಯೂ-40ರಿಂದ 5ಡಬ್ಲ್ಯೂ-30ರವರೆಗೆ

2021ರಲ್ಲಿ ನಾನು ಹಾಸನದಲ್ಲಿ ಒಂದು ಹಳೆಯ ಕಾರನ್ನು ಕೊಂಡೆ. 2013ರ ಮಾದರಿ, 1.2 ಲೀಟರಿನ ಪೆಟ್ರೋಲ್ ಎಂಜಿನ್, ಆಗಲೇ 78,000 ಕಿ.ಮೀ. ಓಡಿತ್ತು. ಹಿಂದಿನ ಮಾಲೀಕರು ಯಾವಾಗ ಎಣ್ಣೆ ಬದಲಿಸಿದ್ದರೆಂಬುದಕ್ಕೆ ದಾಖಲೆ ಇರಲಿಲ್ಲವಾದ್ದರಿಂದ ತಂದ ವಾರದಲ್ಲಿಯೇ ಬಡಾವಣೆಯ ಗ್ಯಾರೇಜಿಗೆ ಬಿಟ್ಟೆ. ಮೇಸ್ತ್ರಿ ಎಣ್ಣೆಯ ಮಟ್ಟ ನೋಡುವ ಕಡ್ಡಿಯಾದ ಡಿಪ್‌ಸ್ಟಿಕ್ ಎಳೆದು, ತುದಿಯ ಎಣ್ಣೆಯನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಉಜ್ಜಿ ನೋಡಿ, “ಪೂರ್ತಿ ನೀರಾಗೈತೆ ಸಾರ್. ಹಳೇ ಗಾಡಿಗೆ ಮಂದ ಆಯಿಲ್ ಹಾಕಿದ್ರೆ ಸದ್ದೂ ಕಮ್ಮಿ ಆಗುತ್ತೆ, ಇಂಜಿನ್ನೂ ಬಾಳಿಕೆ ಬರುತ್ತೆ” ಎಂದರು. ಅವರು ಹಾಕಿದ್ದು 20ಡಬ್ಲ್ಯೂ-40 ಎಂಬ ಮಂದ ದರ್ಜೆಯ ಎಣ್ಣೆ. ಮೂವತ್ತು ವರ್ಷ ಎಂಜಿನ್ ಬಿಚ್ಚಿ ಜೋಡಿಸಿದವರ ಮಾತಾದ್ದರಿಂದ ಮರುಮಾತಿಲ್ಲದೆ ಒಪ್ಪಿದೆ.

ಡಿಸೆಂಬರ್ ಬಂದಾಗ ತೊಂದರೆ ಕಾಣಿಸಿಕೊಂಡಿತು. ಬೆಳಿಗ್ಗೆ ಆರೂವರೆಗೆ, ಹೊರಗೆ 14 ಡಿಗ್ರಿ ಇರುವಾಗ ಕೀಲಿ ತಿರುಗಿಸಿದರೆ, ಎಂಜಿನ್ನಿನ ಮೇಲ್ಭಾಗದಿಂದ ಮೂರು-ನಾಲ್ಕು ಸೆಕೆಂಡು ಕಟಕಟ ಸದ್ದು ಬಂದು ನಂತರ ನಿಲ್ಲುತ್ತಿತ್ತು. ಮೊದಲ ಎರಡು ಕಿಲೋಮೀಟರು ಗಾಡಿ ಭಾರ ಹೊತ್ತಂತೆ ಎಳೆಯುತ್ತಿತ್ತು. ನನ್ನ ದಿನದ ಓಡಾಟ ಮನೆಯಿಂದ ಕಚೇರಿಗೆ ನಾಲ್ಕು ಕಿಲೋಮೀಟರು, ಸಂಜೆ ಮತ್ತೆ ನಾಲ್ಕು. ಆದ್ದರಿಂದ ದಾರಿಯ ಅರ್ಧಭಾಗ ಹೀಗೆಯೇ ಕಳೆಯುತ್ತಿತ್ತು. ಟ್ಯಾಂಕ್ ಭರ್ತಿ ಮಾಡಿಸಿ ಮತ್ತೆ ಭರ್ತಿ ಮಾಡಿಸುವವರೆಗಿನ ಲೆಕ್ಕವನ್ನು ಆರು ಸಲ ಬರೆದಿಟ್ಟೆ. ಸರಾಸರಿ ಲೀಟರಿಗೆ 15.9 ಕಿ.ಮೀ. ಬಂತು.

ಆಗ ಕಾರಿನ ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಮಲಗಿದ್ದ ಮಾಲೀಕರ ಕೈಪಿಡಿಯನ್ನು ತೆಗೆದು ಓದಿದೆ. ಇದನ್ನು ಮೊದಲ ದಿನವೇ ಮಾಡಬೇಕಾಗಿತ್ತು. ಎಣ್ಣೆಯ ಪುಟದಲ್ಲಿ ಹೊರಗಿನ ಉಷ್ಣಾಂಶದ ಅಳತೆಪಟ್ಟಿಯೊಂದಿದ್ದು, ಅದರ ಮೇಲೆ ಎರಡು ಉದ್ದ ಗೆರೆಗಳಿದ್ದವು: ಒಂದು 0ಡಬ್ಲ್ಯೂ-20, ಇನ್ನೊಂದು 5ಡಬ್ಲ್ಯೂ-30. 20ಡಬ್ಲ್ಯೂ-40 ಆ ಪುಟದಲ್ಲಿ ಎಲ್ಲಿಯೂ ಇರಲಿಲ್ಲ. ನಮ್ಮ ದೇಶ ಬಿಸಿಲಿನ ದೇಶ, ತೆಳು ಎಣ್ಣೆ ಚಳಿ ದೇಶದವರಿಗೆ ಎಂಬ ಮಾತನ್ನು ನಾನು ಹಲವು ಬಾರಿ ಕೇಳಿದ್ದೆ. ಆದರೆ ಇಲ್ಲಿಯೇ ಮಾರಾಟವಾದ ಕಾರಿನ ಕೈಪಿಡಿಯಲ್ಲಿನ ಆ ಎರಡೂ ಗೆರೆಗಳು 40 ಡಿಗ್ರಿಯ ಗುರುತನ್ನು ದಾಟಿ ಬಾಣದ ಗುರುತಿನೊಂದಿಗೆ ಮುಂದೆ ಹೋಗಿದ್ದವು. ಅದನ್ನು ಕಂಡ ಮೇಲೆ ಈ ಅಂಕಿಗಳ ಅರ್ಥವನ್ನು ಸರಿಯಾಗಿ ತಿಳಿಯಲೇಬೇಕೆನಿಸಿತು.

ಡಬ್ಬಿಯ ಮೇಲಿನ ಈ ಅಂಕಿಗಳು ವಾಹನ ಎಂಜಿನಿಯರುಗಳ ಎಸ್‌ಎಇ ಸಂಸ್ಥೆಯ ಜೆ300 ಎಂಬ ಮಾನದಂಡದಿಂದ ಬಂದವು. ಡಬ್ಲ್ಯೂ ಎಂದರೆ ಚಳಿಗಾಲ ಎಂಬ ಅರ್ಥದ ವಿಂಟರ್ ಪದದ ಮೊದಲಕ್ಷರ. ಅದರ ಹಿಂದಿನ ಅಂಕಿ, ಎಣ್ಣೆ ತಣ್ಣಗಿರುವಾಗ ಎಂಜಿನ್ ತಿರುಗಲು ಮತ್ತು ಪಂಪು ಎಣ್ಣೆಯನ್ನು ಎಳೆಯಲು ಎಷ್ಟು ಸುಲಭವಾಗಿರಬೇಕೆಂಬುದನ್ನು ಹೇಳುತ್ತದೆ. 5ಡಬ್ಲ್ಯೂ ಎಣ್ಣೆಯನ್ನು ಸೊನ್ನೆಗಿಂತ 30 ಡಿಗ್ರಿ ಕೆಳಗೆ ಪರೀಕ್ಷಿಸುತ್ತಾರೆ. 20ಡಬ್ಲ್ಯೂ ಎಣ್ಣೆಗೆ ಸೊನ್ನೆಗಿಂತ 15 ಡಿಗ್ರಿ ಕೆಳಗಿನ ಪರೀಕ್ಷೆ ಸಾಕು. ಡ್ಯಾಶ್ ಗುರುತಿನ ನಂತರದ ಅಂಕಿ ಬಿಸಿ ಎಣ್ಣೆಯದು. 100 ಡಿಗ್ರಿಯಲ್ಲಿ ಸ್ನಿಗ್ಧತೆ, ಅಂದರೆ ಮಂದತೆ, 6.9ರಿಂದ 9.3 ಸೆಂಟಿಸ್ಟೋಕ್ಸಿನೊಳಗೆ (ಇದು ಅದನ್ನು ಅಳೆಯುವ ಮಾನ) ಇದ್ದರೆ 20, ಅಲ್ಲಿಂದ 12.5ರೊಳಗೆ ಇದ್ದರೆ 30, ಮುಂದೆ 16.3ರೊಳಗೆ ಇದ್ದರೆ 40. ಇದರ ಜೊತೆಗೆ ಡಬ್ಬಿಯ ಮೇಲೆ ಕಾಣದ ಮೂರನೆಯ ಅಳತೆಯೊಂದಿದೆ: 150 ಡಿಗ್ರಿ ಬಿಸಿಯಲ್ಲಿ, ಬೇರಿಂಗಿನೊಳಗೆ ಆಗುವಂತೆ ಅತಿವೇಗವಾಗಿ ಉಜ್ಜಲ್ಪಡುವಾಗ ಎಣ್ಣೆಯಲ್ಲಿ ಉಳಿಯುವ ಮಂದತೆ. ಅದು 20ರ ದರ್ಜೆಗೆ ಕನಿಷ್ಠ 2.6, 30ಕ್ಕೆ 2.9, 5ಡಬ್ಲ್ಯೂ-40ರಂಥವಕ್ಕೆ 3.5 ಸೆಂಟಿಪಾಯ್ಸ್ (ಮಂದತೆಯ ಇನ್ನೊಂದು ಮಾನ) ಇರಬೇಕು. ಎಂಜಿನ್ನನ್ನು ಸವೆತದಿಂದ ಕಾಯುವ ಮಟ್ಟಿಗೆ ನಾನು ಹೆಚ್ಚು ಬೆಲೆ ಕೊಡುವುದು ಈ ಮೂರನೆಯ ಅಳತೆಗೆ.

ಓದಿದ್ದು ಮನಸ್ಸಿಗೆ ನಾಟಬೇಕಾದರೆ ಕಣ್ಣಿಂದ ನೋಡಬೇಕು ಎನ್ನುವ ಸ್ವಭಾವ ನನ್ನದು. ಶಾಲೆಗಳಿಗೆ ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಯಿಂದ ಮೂರು ಗಾಜಿನ ಪ್ರನಾಳಗಳನ್ನೂ, ಸೈಕಲ್ ಶಾಪಿನಿಂದ ಪೆಡಲಿಗೆ ಹಾಕುವ ನಾಲ್ಕು ಮಿಲಿಮೀಟರಿನ ಉಕ್ಕಿನ ಗೋಲಿಗಳನ್ನೂ ತಂದೆ. 0ಡಬ್ಲ್ಯೂ-20, 5ಡಬ್ಲ್ಯೂ-30 ಮತ್ತು 20ಡಬ್ಲ್ಯೂ-40 ಎಣ್ಣೆಗಳನ್ನು ಒಂದೇ ಎತ್ತರಕ್ಕೆ ತುಂಬಿ, ರಾತ್ರಿ ಮನೆಯ ಫ್ರಿಜ್ಜಿನ ಫ್ರೀಜರಿನಲ್ಲಿ ನಿಲ್ಲಿಸಿದೆ. ಬೆಳಿಗ್ಗೆ ಒಂದೊಂದನ್ನೇ ಹೊರತೆಗೆದು ಗೋಲಿಯನ್ನು ಬಿಟ್ಟೆ. ಮೊದಲನೆಯದರಲ್ಲಿ ಗೋಲಿ ತಳ ಮುಟ್ಟಲು ಸುಮಾರು ನಾಲ್ಕು ಸೆಕೆಂಡು ಹಿಡಿಯಿತು, ಎರಡನೆಯದರಲ್ಲಿ ಏಳೆಂಟು. ಮೂರನೆಯ ಪ್ರನಾಳದಲ್ಲಿ ಗೋಲಿ ಜೋನಿಬೆಲ್ಲಕ್ಕೆ ಬಿದ್ದ ಕಾಳಿನಂತೆ ಮೇಲೆಯೇ ನಿಂತಂತೆ ಕಂಡು, ನಿಧಾನವಾಗಿ ಇಳಿಯುತ್ತ ತಳ ಸೇರಲು ನಲವತ್ತು ಸೆಕೆಂಡಿಗೂ ಹೆಚ್ಚು ತೆಗೆದುಕೊಂಡಿತು. ಕರ್ನಾಟಕದಲ್ಲಿ ಯಾವ ಕಾರೂ ಫ್ರೀಜರಿನಂತೆ ಸೊನ್ನೆಗಿಂತ 18 ಡಿಗ್ರಿ ಕೆಳಗೆ ನಿಲ್ಲುವುದಿಲ್ಲ ಎಂಬುದು ನಿಜ. ಆದರೆ ಅದೇ ಪ್ರನಾಳಗಳನ್ನು ಕೋಣೆಯಲ್ಲಿ ಒಂದು ದಿನ ಇಟ್ಟು ನೋಡಿದಾಗಲೂ 20ಡಬ್ಲ್ಯೂ-40ರಲ್ಲಿ ಗೋಲಿ ಹಿಂದುಳಿಯುವುದು ಬರಿಗಣ್ಣಿಗೇ ಕಾಣುತ್ತಿತ್ತು.

ನಂತರ ಮೂರನ್ನೂ ಕುದಿಯುವ ನೀರಿನ ಪಾತ್ರೆಯಲ್ಲಿ ಕಾಲುಗಂಟೆ ನಿಲ್ಲಿಸಿದೆ. ಹಾಸನ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲಿ ಕುದಿಯುತ್ತದೆ. ಓಡುತ್ತಿರುವ ಎಂಜಿನ್ನಿನ ಎಣ್ಣೆಯ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ. ಈ ಬಾರಿ ಮೂರರಲ್ಲಿಯೂ ಗೋಲಿ ನೀರಿಗೆ ಬಿದ್ದಂತೆ ಟಣ್ ಎಂದು ತಳ ಮುಟ್ಟಿತು. ಯಾವುದು ಯಾವ ಎಣ್ಣೆಯೆಂದು ನನ್ನ ಕಣ್ಣಿಗೆ ತಿಳಿಯಲೇ ಇಲ್ಲ. ಮೇಸ್ತ್ರಿ ಬೆರಳಲ್ಲಿ ಉಜ್ಜಿ ನೋಡಿದ್ದು ತಣ್ಣನೆಯ ಎಣ್ಣೆಯ ಮಂದತೆಯನ್ನು. ಬೇರಿಂಗನ್ನು ಕಾಯುವುದು ಬಿಸಿ ಎಣ್ಣೆಯ ಮಂದತೆ, ಅದನ್ನು ಬೆರಳಿನಿಂದ ಅಳೆಯಲಾಗದು. ಅದಕ್ಕೆಂದೇ ಆ ಮಾನದಂಡವಿದೆ.

ಎಂಜಿನ್ನಿನೊಳಗೆ ಏನಾಗುತ್ತದೆಂಬುದನ್ನೂ ಹೇಳಬೇಕು. ಪಿಸ್ಟನ್ನುಗಳು ತಿರುಗಿಸುವ ಮುಖ್ಯ ದಂಡವಾದ ಕ್ರ್ಯಾಂಕ್ ಶಾಫ್ಟು ಮತ್ತು ಅದರ ಬೇರಿಂಗಿನ ನಡುವೆ ಕೂದಲೆಳೆಗಿಂತ ಸಣ್ಣದಾದ ಸಂದು ಇರುತ್ತದೆ. ಶಾಫ್ಟು ತಿರುಗುವಾಗ ಆ ಸಂದಿಗೆ ಎಣ್ಣೆಯನ್ನು ಎಳೆದುಕೊಂಡು, ಎಣ್ಣೆಯ ಪದರದ ಮೇಲೆ ತೇಲುತ್ತದೆ. ಸಂದಿನ ಅಳತೆ, ಪಂಪಿನ ಸಾಮರ್ಥ್ಯ, ಎಣ್ಣೆಯ ದರ್ಜೆ ಈ ಮೂರನ್ನೂ ಎಂಜಿನ್ ರೂಪಿಸಿದವರು ಒಟ್ಟಿಗೆ ತೀರ್ಮಾನಿಸಿರುತ್ತಾರೆ. ಅಗತ್ಯಕ್ಕಿಂತ ಮಂದವಾದ ಎಣ್ಣೆಯನ್ನು ತಣ್ಣಗಿರುವಾಗ ತಳ್ಳಲು ಹೋದರೆ ಒತ್ತಡ ಏರಿ, ಪಂಪಿನ ರಿಲೀಫ್ ವಾಲ್ವು ತೆರೆದುಕೊಂಡು, ಮೇಲೆ ಹೋಗಬೇಕಾದ ಎಣ್ಣೆಯ ಒಂದು ಪಾಲು ಮರಳಿ ಕೆಳಕ್ಕೇ ಬರುತ್ತದೆ. ಒತ್ತಡ ಹೆಚ್ಚಿದೆ ಎಂದ ಮಾತ್ರಕ್ಕೆ ಎಣ್ಣೆ ಹೆಚ್ಚು ಹರಿಯುತ್ತಿದೆ ಎಂದಲ್ಲ. ನನ್ನ ಕಾರಿನಲ್ಲಿ ವಾಲ್ವುಗಳು ತೆರೆಯುವ ಹೊತ್ತನ್ನು ಹಿಂದುಮುಂದು ಮಾಡುವ ವಿವಿಟಿ ವ್ಯವಸ್ಥೆಯೂ ಇದೇ ಎಣ್ಣೆಯ ಒತ್ತಡದಿಂದ, ಸಣ್ಣ ಸಣ್ಣ ರಂಧ್ರಗಳ ಮೂಲಕ ಕೆಲಸ ಮಾಡುತ್ತದೆ. ಇನ್ನೊಂದು ಸಂಗತಿಯೆಂದರೆ, ರೇಡಿಯೇಟರ್ ನೀರಿನ ಮುಳ್ಳು ನಾಲ್ಕೈದು ನಿಮಿಷದಲ್ಲಿ ಮಧ್ಯಕ್ಕೆ ಬಂದರೂ ಎಣ್ಣೆ ಪೂರ್ತಿ ಕಾಯಲು ಅದರ ಎರಡು ಮೂರು ಪಟ್ಟು ಹೊತ್ತು ಬೇಕು. ನಾಲ್ಕು ಕಿಲೋಮೀಟರಿನ ನನ್ನ ಓಡಾಟದಲ್ಲಿ 20ಡಬ್ಲ್ಯೂ-40 ತನ್ನ ಕೆಲಸದ ತೆಳುವಿಗೆ ಇಳಿಯುವ ಮೊದಲೇ ಕಚೇರಿ ಬರುತ್ತಿತ್ತು.

ಎಣ್ಣೆಯ ಒತ್ತಡವನ್ನು ಗೇಜ್ ಹಾಕಿ ಅಳೆದು, ಬಿಸಿಯಲ್ಲಿ ಅದು ನಿಜವಾಗಿಯೂ ಕುಸಿದಿದೆ, ಬೇರಿಂಗು ಸವೆದಿದೆ ಎಂದು ಖಚಿತವಾದ ಎಂಜಿನ್ನಿಗೆ ಒಂದು ದರ್ಜೆ ಮಂದವಾದ ಎಣ್ಣೆ ಹಾಕಿ ಸ್ವಲ್ಪ ಕಾಲ ಓಡಿಸುವುದುಂಟು; ಮೇಸ್ತ್ರಿಯ ಅನುಭವ ಅಂಥ ಎಂಜಿನ್ನುಗಳಿಂದ ಬಂದದ್ದೆಂದು ನಾನು ಭಾವಿಸುತ್ತೇನೆ. ನನ್ನ ಕಾರಿನಲ್ಲಿ ಒತ್ತಡವನ್ನು ಅಳೆಸಿದಾಗ ಅಂಥ ಕುಸಿತ ಇರಲಿಲ್ಲ.

ಹೀಗೆ 20ಡಬ್ಲ್ಯೂ-40 ತೆಗೆದು 5ಡಬ್ಲ್ಯೂ-30 ಹಾಕಿದೆ. ಕೆಲಸವನ್ನು ನಾನೇ ಮಾಡಿದೆ: ಎಂಜಿನ್ನನ್ನು ಹತ್ತು ನಿಮಿಷ ಓಡಿಸಿ ಬೆಚ್ಚಗೆ ಮಾಡಿ, ಸಮನೆಲದಲ್ಲಿ ಜಾಕಿ ಕೊಟ್ಟು, ಕೆಳಗೆ ಗಟ್ಟಿ ಸ್ಟ್ಯಾಂಡು ನಿಲ್ಲಿಸಿ, ಡ್ರೇನ್ ಬೋಲ್ಟ್ ಬಿಚ್ಚಿ, ಅರ್ಧ ಗಂಟೆ ಹನಿಯಲು ಬಿಟ್ಟು, ಹೊಸ ವಾಷರ್ ಮತ್ತು ಹೊಸ ಫಿಲ್ಟರಿನೊಂದಿಗೆ ಮುಚ್ಚಿದೆ. ಮಾರನೆಯ ಬೆಳಿಗ್ಗೆ ಕಟಕಟ ಸದ್ದು ಒಂದು ಸೆಕೆಂಡಿಗಿಂತ ಹೆಚ್ಚು ಉಳಿಯಲಿಲ್ಲ. ಇದರ ಶ್ರೇಯಸ್ಸನ್ನು ಪೂರ್ತಿ ಎಣ್ಣೆಗೇ ಕೊಡಲಾರೆ; ಎಂಜಿನ್ ನಿಂತಾಗ ಎಣ್ಣೆ ಕೆಳಗಿಳಿಯದಂತೆ ತಡೆಯುವ ರಬ್ಬರ್ ಕವಾಟ ಫಿಲ್ಟರಿನೊಳಗಿರುತ್ತದೆ, ಹಳೆಯ ಫಿಲ್ಟರನ್ನು ಕತ್ತರಿಸಿ ನೋಡಿದಾಗ ಅದರ ಕವಾಟ ಗಟ್ಟಿಯಾಗಿ ಸೆಟೆದುಕೊಂಡಿತ್ತು. ಇಂಧನದ ಲೆಕ್ಕವನ್ನು ಮತ್ತೆ ಆರು ಟ್ಯಾಂಕುಗಳಷ್ಟು ಬರೆದಾಗ ಸರಾಸರಿ 16.5 ಬಂತು.

ಮುಂದಿನ ಬದಲಾವಣೆಯಲ್ಲಿ, ಕೈಪಿಡಿ ಒಪ್ಪಿದ ಇನ್ನೊಂದು ದರ್ಜೆಯಾದ 0ಡಬ್ಲ್ಯೂ-20 ಹಾಕಿದೆ. ಊರೊಳಗಿನ ಓಡಾಟಕ್ಕೆ ಅದು ಇನ್ನೂ ಹಗುರವಾಗಿತ್ತು, ಇಂಧನದ ಸರಾಸರಿ ಲೀಟರಿಗೆ 16.7 ಕಿ.ಮೀ.ಗೆ ಏರಿತು. ಆದರೆ ಡಿಪ್‌ಸ್ಟಿಕ್ ಬೇರೆಯೇ ಮಾತು ಹೇಳಿತು. ಪ್ರತಿ ತಿಂಗಳ ಮೊದಲ ಭಾನುವಾರ, ಕಾರು ರಾತ್ರಿಯೆಲ್ಲ ನಿಂತು ತಣ್ಣಗಾದ ಮೇಲೆ, ಕಡ್ಡಿಯನ್ನು ಒರೆಸಿ, ಮತ್ತೆ ಇಳಿಸಿ ತೆಗೆದು, ಮೇಲಿನ ಗುರುತಿನಿಂದ ಎಷ್ಟು ಮಿಲಿಮೀಟರ್ ಇಳಿದಿದೆ ಎಂದು ನೋಟ್‌ಪುಸ್ತಕದಲ್ಲಿ ಬರೆಯುವುದು ನನ್ನ ರೂಢಿ. ನನ್ನ ಕಾರಿನಲ್ಲಿ ಎರಡು ಗುರುತುಗಳ ನಡುವಿನ ಅಂತರ ಸುಮಾರು ಒಂದು ಲೀಟರಿಗೆ ಸಮ. 5ಡಬ್ಲ್ಯೂ-30 ಇದ್ದಾಗ 5,000 ಕಿ.ಮೀ.ಗೆ ಆ ಅಂತರದ ಕಾಲುಭಾಗ ಇಳಿದಿತ್ತು. 0ಡಬ್ಲ್ಯೂ-20 ಮೂರು ಸಾವಿರ ಕಿಲೋಮೀಟರಿಗೇ ಅರ್ಧ ಇಳಿಯಿತು. ಆ ಮೂರು ಸಾವಿರದಲ್ಲಿ ನಾಲ್ಕು ಬಾರಿ ಮಂಗಳೂರಿಗೆ ಹೋಗಿ, ಐದು ಜನ ಮತ್ತು ಸಾಮಾನಿನೊಂದಿಗೆ ಶಿರಾಡಿ ಘಾಟಿ ಹತ್ತಿ ಬಂದಿದ್ದೆವು. ಗುಂಡ್ಯದಿಂದ ದೋಣಿಗಾಲ್‌ವರೆಗಿನ ಏರಿನಲ್ಲಿ ಲಾರಿಗಳ ಹಿಂದೆ ಎರಡನೆಯ ಗೇರಿನಲ್ಲಿ ಬಹಳ ಹೊತ್ತು ಎಳೆಯಬೇಕಾಗುತ್ತದೆ, ಆಗ ಎಣ್ಣೆ ಕಾಯುವಷ್ಟು ಹಾಸನದ ಯಾವ ಬೇಸಿಗೆಯಲ್ಲೂ ಕಾಯದು. ಸವೆದ ಪಿಸ್ಟನ್ ರಿಂಗುಗಳನ್ನು ದಾಟಿ ಉರಿದುಹೋಗುವುದರ ಜೊತೆಗೆ, ತೆಳು ಎಣ್ಣೆ ಬಿಸಿಯಲ್ಲಿ ಹೆಚ್ಚು ಆವಿಯಾಗುವ ಸಂಭವವೂ ಇದೆ. ಹೊಸ ಎಂಜಿನ್ನಿಗೆ ನಾನು 0ಡಬ್ಲ್ಯೂ-20 ಅನ್ನೇ ಹಾಕುತ್ತಿದ್ದೆ. ಲಕ್ಷದ ಹತ್ತಿರ ಬಂದಿದ್ದ, ಘಾಟಿ ಹತ್ತುವ ಈ ಎಂಜಿನ್ನಿಗೆ ಲೀಟರಿಗೆ 200 ಮೀಟರಿನ ಲಾಭಕ್ಕಿಂತ ಕಡ್ಡಿಯ ಮೇಲಿನ ಗುರುತು ಮುಖ್ಯವೆಂದು ತೀರ್ಮಾನಿಸಿ 5ಡಬ್ಲ್ಯೂ-30ಕ್ಕೆ ಮರಳಿದೆ.

ಇಷ್ಟಾದ ಮೇಲೆ ರಾಯಚೂರಿನಲ್ಲಿರುವ ನನ್ನ ಭಾವಮೈದುನ ಒಂದು ಮೇ ತಿಂಗಳಲ್ಲಿ ಫೋನ್ ಮಾಡಿದ. “ಭಾವ, ನಮ್ಮಲ್ಲಿ 42 ಡಿಗ್ರಿ ಬಿಸಿಲು. ಅಂಗಡಿಯವರು 5ಡಬ್ಲ್ಯೂ-30 ಕೊಟ್ಟಿದ್ದಾರೆ, ಕೈಪಿಡಿಯಲ್ಲೂ ಅದೇ ಇದೆ. ಇನ್ನೂ ಮಂದದ್ದು ಹಾಕಿಸಲೇ?” ಎಂದು ಕೇಳಿದ. ಹೊರಗಿನ ಬಿಸಿಲು ಏರಿದರೂ ಥರ್ಮೋಸ್ಟಾಟು ಮತ್ತು ರೇಡಿಯೇಟರು ಎಂಜಿನ್ನಿನ ಬಿಸಿಯನ್ನು ಒಂದು ಮಟ್ಟದಲ್ಲಿ ಹಿಡಿದಿಡುತ್ತವೆ, ಬಿಸಿಲಿನ ಕಾರಣಕ್ಕೆ ಅಂಕಿ ಬದಲಿಸಬೇಕಾಗಿಲ್ಲ ಎಂದೆ. ಆದರೆ ಅವನದು 2021ರ ಡೀಸೆಲ್ ಕಾರು, ಬಿಎಸ್6 ಎಂಬ ಹೊಗೆ ನಿಯಮದ್ದು, ಹೊಗೆಯ ಮಸಿಯನ್ನು ಹಿಡಿಯುವ ಡಿಪಿಎಫ್ ಉಳ್ಳದ್ದು. ಡಬ್ಬಿಯ ಹಿಂಬದಿಯ ಚಿತ್ರ ಕಳಿಸಲು ಹೇಳಿದೆ. ಅದರಲ್ಲಿ ಯುರೋಪಿನ ಕಾರು ತಯಾರಕರ ಸಂಘದ ದರ್ಜೆಯಾದ ಎಸಿಇಎ ಎ3/ಬಿ4 ಎಂದಿತ್ತು, ಕೈಪಿಡಿ ಕೇಳಿದ್ದು ಎಸಿಇಎ ಸಿ3. ಎರಡೂ 5ಡಬ್ಲ್ಯೂ-30, ಎರಡರಲ್ಲೂ 150 ಡಿಗ್ರಿಯ ಮಂದತೆ 3.5ಕ್ಕೆ ಕಡಿಮೆಯಿಲ್ಲ. ಆದರೆ ಸಿ3 ಎಣ್ಣೆಯಲ್ಲಿ ಸಲ್ಫೇಟೆಡ್ ಬೂದಿ ಶೇ. 0.8ನ್ನು ಮೀರುವಂತಿಲ್ಲ. ಎಣ್ಣೆ ಸ್ವಲ್ಪ ಸ್ವಲ್ಪ ಉರಿದಾಗ ಉಳಿಯುವ ಆ ಬೂದಿ ಮಸಿಯಂತೆ ಸುಟ್ಟುಹೋಗುವುದಿಲ್ಲ, ಡಿಪಿಎಫಿನೊಳಗೆ ಕೂತು ಅದು ಕಟ್ಟಿಕೊಳ್ಳುವಂತೆ ಮಾಡುತ್ತದೆ. ಡಬ್ಬಿ ಇನ್ನೂ ಒಡೆದಿರಲಿಲ್ಲವಾದ್ದರಿಂದ ಅಂಗಡಿಯವರು ಬದಲಿಸಿಕೊಟ್ಟರು.

ನನ್ನ ಪೆಟ್ರೋಲ್ ಕಾರಿನಲ್ಲಿ ಈ ತೊಡಕಿಲ್ಲ. ಕೈಪಿಡಿ ಕೇಳಿದ, ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯಾದ ಎಪಿಐನ ದರ್ಜೆ ಅಥವಾ ಅದಕ್ಕಿಂತ ಹೊಸದಾದುದಿದ್ದರೆ ಸಾಕು, ನಾನು ಈಗ 2020ರಲ್ಲಿ ಬಂದ ಎಸ್‌ಪಿ ದರ್ಜೆಯದನ್ನು ಬಳಸುತ್ತಿದ್ದೇನೆ. ಹತ್ತು ಸಾವಿರ ಕಿಲೋಮೀಟರು ಅಥವಾ ಒಂದು ವರ್ಷ, ಯಾವುದು ಮೊದಲೋ ಆಗ ಬದಲಿಸುತ್ತೇನೆ. ನನ್ನ ಓಡಾಟ ಚಿಕ್ಕದಾದ್ದರಿಂದ ನನಗೆ ಯಾವಾಗಲೂ ವರ್ಷವೇ ಮೊದಲು ಬರುತ್ತದೆ; ಚಿಕ್ಕ ಓಡಾಟದಲ್ಲಿ ಪೆಟ್ರೋಲಿನ ಅಂಶ ಎಣ್ಣೆಗೆ ಸೇರಿ ತೆಳುವಾಗಿಸುವುದರಿಂದ ಆ ಗಡುವನ್ನು ಮೀರಿಸುವುದಿಲ್ಲ. ತೆಗೆದ ಎಣ್ಣೆಯನ್ನು ಅದೇ ಡಬ್ಬಿಗೆ ತುಂಬಿ, ಹಳೆಯ ಎಣ್ಣೆಯನ್ನು ಮರುಬಳಕೆಗೆ ಒಯ್ಯುವವರಿಗೆಂದು ಗ್ಯಾರೇಜಿಗೆ ಕೊಟ್ಟುಬರುತ್ತೇನೆ. ಕಳೆದ ಬಾರಿ ಹೋದಾಗ ಮೇಸ್ತ್ರಿ ಬಾನೆಟ್ ಎತ್ತಿ, ಎಂಜಿನ್ ಶುರು ಮಾಡಿಸಿ, ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿ, “ಯಾವ ಆಯಿಲ್ ಹಾಕಿದೀರಾ ಸಾರ್?” ಎಂದರು. ಕೈಪಿಡಿಯ ಆ ಪುಟವನ್ನು ತೆರೆದು ಅವರ ಕೈಗೆ ಕೊಟ್ಟೆ. ತಮ್ಮ ಮೊಬೈಲಿನಲ್ಲಿ ಅದರ ಚಿತ್ರ ತೆಗೆದುಕೊಂಡರು.