ಅಟ್ಟದ ಮೇಲಿನ ಡಿಟಿಪಿ ಕಂಪ್ಯೂಟರ್ ಉಳಿಸಿಕೊಳ್ಳುವ ಬಗೆ

ಗದಗ-ಬೆಟಗೇರಿ ಅಂದರೆ ಮಗ್ಗ ಮತ್ತು ಪ್ರೆಸ್ಸು. ನಾನು ಪ್ರೆಸ್ಸಿನ ಕಡೆಯವನು. ಹನ್ನೆರಡು ವರ್ಷ ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್ಲು, ರಸೀದಿ ಪುಸ್ತಕ ಟೈಪ್ ಮಾಡಿದ್ದೇನೆ. ಈಗ ಆ ಕಾಲದ ಕಂಪ್ಯೂಟರ್‌ಗಳನ್ನು ಹುಡುಕಿ ತಂದು ರಿಪೇರಿ ಮಾಡುತ್ತೇನೆ. ಮನೆಯಲ್ಲಿ ಇದಕ್ಕೆ ಮೋಡಕಾ (ಗುಜರಿ) ಚಟ ಅಂತ ಹೆಸರು.

ಮೋಡಕಾ ಅಂಗಡಿಗೆ ಬಂದ ಮೇಲೆ ತಡ ಆದಂತೆಯೇ. ಅಲ್ಲಿ ಮೊದಲು ವೈರು ಕತ್ತರಿಸುತ್ತಾರೆ. ದೀಪಾವಳಿಗೆ ಮುಂಚೆ ಪ್ರೆಸ್ಸಿನವರು ಅಟ್ಟ ಖಾಲಿ ಮಾಡುವಾಗಲೇ ಹೋಗಿ. ಹೋದಾಗ ಕಂಪ್ಯೂಟರಿನ ಹಿಂಭಾಗ ನೋಡಿ. ಪ್ರಿಂಟರ್ ಪೋರ್ಟಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ತುಂಡೊಂದು ಸಿಕ್ಕಿಸಿದ್ದರೆ ಅದನ್ನು ಬಿಟ್ಟು ಬರಬೇಡಿ. ಆ ಕಾಲದ ಹಲವು ಡಿಟಿಪಿ (ಅಚ್ಚಿಗೆ ಪುಟ ಜೋಡಿಸುವ) ತಂತ್ರಾಂಶಗಳಿಗೆ ಅದೇ ಲಾಕ್. ಅದಿಲ್ಲದಿದ್ದರೆ ತಂತ್ರಾಂಶ ನಡೆಯುವುದಿಲ್ಲ.

ಮನೆಗೆ ತಂದ ಕೂಡಲೇ ಸ್ವಿಚ್ ಒತ್ತುವ ಆಸೆ ಆಗುತ್ತದೆ. ಒತ್ತಬೇಡಿ. ಮೊದಲು ಹಿಂದಿನ ಕೆಂಪು ಗುಂಡಿ 230ರಲ್ಲಿದೆಯೇ ನೋಡಿ. 115ರಲ್ಲಿದ್ದರೆ ಪವರ್ ಸಪ್ಲೈ ಢಮ್ ಅನ್ನುತ್ತದೆ. ಇನ್ನೊಂದು ವಿಷಯ. 386, 486 ಚಿಪ್ಪುಗಳ ಕಾಲದ ಎಟಿ ಮಾದರಿಯ ಕ್ಯಾಬಿನೆಟ್‌ಗಳಲ್ಲಿ ಮುಂದಿನ ಸ್ವಿಚ್ಚಿಗೇ 230 ವೋಲ್ಟ್ ಬರುತ್ತದೆ. ಪ್ಲಗ್ ಕಿತ್ತಿಟ್ಟೇ ಒಳಗೆ ಕೈ ಹಾಕಿ. ಮಾನಿಟರ್ ಮಾತ್ರ ಬಿಚ್ಚಲೇಬೇಡಿ. ಪ್ಲಗ್ ತೆಗೆದ ಮೇಲೂ ಪಿಕ್ಚರ್ ಟ್ಯೂಬಿನಲ್ಲಿ ಕರೆಂಟ್ ಉಳಿದಿರಬಹುದು.

ಈಗ ಬ್ಯಾಟರಿ. ಮದರ್‌ಬೋರ್ಡಿನ ಮೂಲೆಯಲ್ಲಿ ಚಿಕ್ಕ ಪೀಪಾಯಿಯಂಥ 3.6 ವೋಲ್ಟಿನ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಇರುತ್ತದೆ. ಹಳೇ ಬೋರ್ಡುಗಳನ್ನು ಜಾಸ್ತಿ ಕೊಂದದ್ದು ಇದೇ. ಸೋರಿದರೆ ಸುತ್ತ ಹಸಿರು-ನೀಲಿ ಕಿಲುಬು ಹಬ್ಬಿ ತಾಮ್ರದ ಗೆರೆಗಳನ್ನು ತಿಂದುಹಾಕುತ್ತದೆ. ಸೋರದಿದ್ದರೂ ಕತ್ತರಿಸಿ ತೆಗೆಯಿರಿ. ಸೋರುವುದು ಕ್ಷಾರ, ಹಾಗಾಗಿ ಅಡುಗೆಮನೆಯ ಬಿಳಿ ವಿನೆಗರ್ ಸಾಕು. ಹಳೇ ಟೂತ್‌ಬ್ರಷ್‌ನಿಂದ ಹಚ್ಚಿದರೆ ಚುರ್ ಅಂತ ನೊರೆ ಏಳುತ್ತದೆ. ನೊರೆ ನಿಲ್ಲುವ ತನಕ ಉಜ್ಜಿ. ಆಮೇಲೆ ಡಿಸ್ಟಿಲ್ಡ್ ವಾಟರ್, ಕೊನೆಗೆ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್). ಎರಡು ದಿನ ನೆರಳಲ್ಲಿ ಒಣಗಲಿ. ಗೆರೆ ಕಡಿದಿದ್ದರೆ ಸಣ್ಣ ತಂತಿ ಬೆಸೆದು ಜೋಡಿಸಬಹುದು.

ಬ್ಯಾಟರಿ ಇದ್ದ ಜಾಗಕ್ಕೇ ಮಾಮೂಲಿ ಸೆಲ್ ಹಾಕಬೇಡಿ, ಬೋರ್ಡು ಅದನ್ನು ಚಾರ್ಜ್ ಮಾಡಲು ನೋಡುತ್ತದೆ. ಹೊರಗಿನ ಬ್ಯಾಟರಿಗೆಂದೇ ಹೆಚ್ಚಿನ ಬೋರ್ಡುಗಳಲ್ಲಿ ನಾಲ್ಕು ಪಿನ್ ಇರುತ್ತವೆ, ಅಲ್ಲಿಗೆ ಕೊಡಿ. ಬ್ಯಾಟರಿ ತೆಗೆದಾಗ ಬೋರ್ಡಿನ ಸೆಟ್ಟಿಂಗ್ ಅಳಿಸಿಹೋಗಿರುವುದರಿಂದ ಹಾರ್ಡ್ ಡಿಸ್ಕಿನ ಲೇಬಲ್ ಮೇಲಿನ ಸಿಲಿಂಡರ್, ಹೆಡ್, ಸೆಕ್ಟರ್ ಅಂಕಿಗಳನ್ನು ಬರೆದಿಟ್ಟುಕೊಳ್ಳಿ. ಮತ್ತೆ ತುಂಬಬೇಕಾಗುತ್ತದೆ.

ರ‍್ಯಾಮ್ ಮತ್ತು ಕಾರ್ಡುಗಳ ಅಂಚನ್ನು ಶಾಲೆ ಮಕ್ಕಳ ರಬ್ಬರಿನಿಂದ ಒರೆಸಿದರೆ ಆಯಿತು. ಪವರ್ ಸಪ್ಲೈಯಿಂದ ಬೋರ್ಡಿಗೆ ಬರುವ ಎರಡು ಪ್ಲಗ್‌ಗಳನ್ನು ಹಾಕುವಾಗ ಕರಿ ವೈರುಗಳು ನಡುವೆ, ಅಕ್ಕಪಕ್ಕ ಇರಬೇಕು. ಅದಲುಬದಲಾದರೆ ಇಷ್ಟೊತ್ತಿನ ಶ್ರಮ ಹೊಗೆ.

ಇನ್ನು ಫ್ಲಾಪಿ. ಒಮ್ಮೆ ನಾನು ಬೂಸು ಹಿಡಿದ ಫ್ಲಾಪಿಯನ್ನು ನೋಡದೆ ಡ್ರೈವಿಗೆ ತುರುಕಿದೆ. ಹೆಡ್ಡಿಗೆ ಹೊಲಸು ಮೆತ್ತಿಕೊಂಡಿತು. ಆಮೇಲೆ ಹಾಕಿದ ಮೂರು ಒಳ್ಳೆಯ ಫ್ಲಾಪಿಗಳನ್ನೂ ಅದೇ ಡ್ರೈವು ಗೀರಿಹಾಕಿತು. ಈಗ ಶಟರ್ ಸರಿಸಿ, ನಡುವಿನ ಬಿಲ್ಲೆ ಮೆಲ್ಲಗೆ ತಿರುಗಿಸಿ ಬೆಳಕಿಗೆ ಹಿಡಿಯುತ್ತೇನೆ. ರಂಗೋಲಿ ಪುಡಿ ಚೆಲ್ಲಿದಂತೆ ಬಿಳಿ ಚುಕ್ಕೆ ಕಂಡರೆ ಐಪಿಎಯಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಒಣಗಿಸಿಯೇ ಹಾಕುವುದು. ಮೂಲೆಯ ಚಿಕ್ಕ ಕಿಂಡಿಯೂ ತೆರೆದಿರಲಿ, ಆಗ ಅದರ ಮೇಲೆ ಏನೂ ಬರೆಯಲಾಗುವುದಿಲ್ಲ.

ಫೈಲು ಒಂದೊಂದಾಗಿ ಕಾಪಿ ಮಾಡುತ್ತ ಕೂರಬೇಡಿ. ಇಡೀ ಫ್ಲಾಪಿಯ ಇಮೇಜ್, ಅಂದರೆ ಒಂದೇ ಫೈಲಿನಲ್ಲಿ ಅದರ ಪೂರ್ತಿ ನಕಲು, ತೆಗೆಯಿರಿ. ಲಿನಕ್ಸಿನ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಕೆಟ್ಟ ಜಾಗವನ್ನು ದಾಟಿ ಮುಂದೆ ಹೋಗಿ, ಆಮೇಲೆ ಮರಳಿ ಬಂದು ಪ್ರಯತ್ನಿಸುತ್ತದೆ. 1.44 ಎಂಬಿ ಫ್ಲಾಪಿಯ ಇಮೇಜ್ ಸರಿಯಾಗಿ 14,74,560 ಬೈಟ್ ಇರಬೇಕು. ಐದೂಕಾಲು ಇಂಚಿನ ಫ್ಲಾಪಿಗೆ ಅದರದೇ ಹಳೇ ಡ್ರೈವ್ ಬೇಕು. ಅದನ್ನು ಗ್ರೀಸ್‌ವೀಸಲ್ ಎಂಬ ಸಣ್ಣ ಬೋರ್ಡಿಗೆ ಸಿಕ್ಕಿಸಿದರೆ ಇಂದಿನ ಯುಎಸ್‌ಬಿಯಲ್ಲೂ ಓದಬಹುದು.

ಇಷ್ಟಾದ ಮೇಲೆ ಫೈಲ್ ತೆರೆದರೆ ಕನ್ನಡವೇ ಇರುವುದಿಲ್ಲ! ಬರೀ ಇಂಗ್ಲಿಷ್ ಅಕ್ಷರ, ಸೊಟ್ಟ ಗುರುತು. ಹೆದರಬೇಡಿ, ಫೈಲ್ ಕೆಟ್ಟಿಲ್ಲ. ಆಗ ಕನ್ನಡದ ಚೂರುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸುತ್ತಿದ್ದರು. ಕನ್ನಡ ತಂತ್ರಾಂಶಗಳಲ್ಲಿ ಶ್ರೀಲಿಪಿಯ ಜೋಡಣೆ ಬೇರೆ, ನುಡಿಯದು ಬೇರೆ. ಆದ್ದರಿಂದ ಫೈಲಿನ ಜೊತೆ ಆ ಯಂತ್ರದ ಫಾಂಟ್‌ಗಳನ್ನೂ ಎತ್ತಿಟ್ಟುಕೊಳ್ಳಿ. ಲಾಕ್ ಇರುವ ಯಂತ್ರವನ್ನು ಜೀವಂತ ಇಡಲು ನಾನು ಇಷ್ಟು ಒದ್ದಾಡುವುದೂ ಇದಕ್ಕೇ. ಅಸಲಿ ಪುಟ ಹೇಗಿತ್ತು ಅಂತ ಅದರಲ್ಲೇ ಕಾಣುವುದು.

ಈಗ ಎಲ್ಲೆಡೆ ಬಳಸುವ ಯುನಿಕೋಡಿಗೆ ಫೈಲ್ ಬದಲಿಸುವುದಾದರೆ ಒಂದು ನಕಲು ಮಾಡಿಕೊಂಡು ಅದರ ಮೇಲೆ ಮಾಡಿ, ಮೂಲ ಹಾಗೇ ಇರಲಿ. ಪರಿವರ್ತಕಗಳು ಅರ್ಕಾವೊತ್ತಿನಲ್ಲಿ ಎಡವುವುದುಂಟು. ನಾನು ಮೊದಲು ಹುಡುಕುವುದು ‘ಆಶೀರ್ವಾದ’ ಪದವನ್ನು. ಲಗ್ನಪತ್ರಿಕೆ ಅಂದ ಮೇಲೆ ಅದು ಇದ್ದೇ ಇರುತ್ತದೆ, ಅಲ್ವಾ?