ಲಿಫ್ಟ್ ಸಾಕಾ, ಇಂಪ್ಲಾಂಟೂ ಬೇಕಾ?

ಮಗು ಎದೆಹಾಲು ಬಿಟ್ಟ ಮೇಲೆ ಸ್ತನ ಜೋತು ಬಿದ್ದಂತೆ ಕಾಣುವುದು ತೀರಾ ಸಾಮಾನ್ಯ. ‘ಹಾಲು ಕುಡಿಸಿದ್ದಕ್ಕೇ ಹೀಗಾಯ್ತು’ ಅನ್ನುವ ಮಾತೂ ಅಷ್ಟೇ ಸಾಮಾನ್ಯ. ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ಪ್ಲಾಸ್ಟಿಕ್ ಸರ್ಜನ್‌ಗಳು ಇದನ್ನು ಪರೀಕ್ಷಿಸಿ ನೋಡಿದ್ದಾರೆ. ವಯಸ್ಸು, ಬಸಿರುಗಳ ಸಂಖ್ಯೆ, ಮೈತೂಕ, ಸಿಗರೇಟು ಕಾರಣವಾಗಿ ಕಂಡವು. ಹಾಲುಣಿಸಿದ್ದು ಮಾತ್ರ ಕಾರಣವಾಗಿ ಕಾಣಲಿಲ್ಲ.

ಇದಕ್ಕೆ ಆಪರೇಷನ್ ಮಾಡಿಸಲೇಬೇಕು ಅಂತೇನೂ ಇಲ್ಲ. ಅಳತೆಗೆ ಸರಿಯಾದ ಬ್ರಾ ಸಿಕ್ಕರೆ ಎಷ್ಟೋ ಜನರಿಗೆ ಅಷ್ಟೇ ಸಾಕಾಗುತ್ತದೆ. ಎಣ್ಣೆ, ಕ್ರೀಮಿಗೆ ಸುಮ್ನೆ ದುಡ್ಡು ಸುರಿಯಬೇಡಿ, ಅವು ಮೇಲೆತ್ತುವುದಿಲ್ಲ. ಮಾಡಿಸಿಯೇ ಬಿಡೋಣ ಅಂದುಕೊಂಡವರು ಸರ್ಜನ್ ಹತ್ತಿರ ಹೋಗುವ ಮೊದಲು ಮನೆಯಲ್ಲೇ ಕೆಲವು ವಿಷಯ ಪಕ್ಕಾ ಮಾಡಿಕೊಳ್ಳಬಹುದು.

ಮೊದಲಿಗೆ, ನಿಮ್ಮ ದೂರು ಯಾವುದು?

‘ಕೆಳಗಿಳಿದಿದೆ’ ಅನ್ನುವುದು ಒಂದು ದೂರು. ‘ಖಾಲಿಯಾಗಿದೆ’ ಅನ್ನುವುದು ಇನ್ನೊಂದು. ಎರಡನ್ನೂ ಒಂದೇ ಅಂದುಕೊಂಡು ಹೋದರೆ ಬೇಡದ ಆಪರೇಷನ್‌ಗೆ ಒಪ್ಪಿ ಬರುವ ಸಾಧ್ಯತೆ ಇದೆ. ಬ್ರೆಸ್ಟ್ ಲಿಫ್ಟ್‌ನಲ್ಲಿ ಹೆಚ್ಚಾದ ಚರ್ಮ ತೆಗೆದು, ಒಳಗಿನದನ್ನು ಒಟ್ಟುಗೂಡಿಸಿ, ತೊಟ್ಟನ್ನು ಮೇಲಕ್ಕೆ ಕೂರಿಸುತ್ತಾರೆ. ಟೈಲರ್ ಸಡಿಲ ರವಿಕೆಯನ್ನು ಒಳಗೆ ಹಿಡಿದು ಹೊಲಿದ ಹಾಗೆ. ಇದರಿಂದ ಗಾತ್ರ ಹೆಚ್ಚುವುದಿಲ್ಲ, ಒಂದು ಸುತ್ತು ಕಡಿಮೆಯಾದಂತೆಯೂ ಕಾಣಬಹುದು. ಇಂಪ್ಲಾಂಟ್, ಅಂದರೆ ಸ್ತನದೊಳಗೆ ಇಡುವ ಜೆಲ್ ಅಥವಾ ಉಪ್ಪುನೀರು ತುಂಬಿದ ಚೀಲ, ಗಾತ್ರ ಕೊಡುತ್ತದೆ. ಆದರೆ ಇಳಿದದ್ದನ್ನು ಅಷ್ಟಾಗಿ ಎತ್ತುವುದಿಲ್ಲ.

ಒಳ್ಳೆಯ ಬ್ರಾ ಹಾಕಿ ಕನ್ನಡಿ ಮುಂದೆ ನಿಲ್ಲಿ. ಅದು ತುಂಬಿಕೊಂಡು, ನಿಮಗೆ ಒಪ್ಪುವಂತೆ ಕಂಡರೆ ಗಾತ್ರ ಇದೆ, ಜಾಗ ತಪ್ಪಿದೆ ಅಷ್ಟೇ. ಅಂಥವರಿಗೆ ಬಹುತೇಕ ಲಿಫ್ಟ್ ಸಾಕು. ಕಪ್‌ನ ಮೇಲ್ಭಾಗ ಪೊಳ್ಳಾಗಿ ಉಳಿದು, ಅದೇ ನಿಮ್ಮನ್ನು ಕಾಡುತ್ತಿದ್ದರೆ ಲಿಫ್ಟ್ ಒಂದರಿಂದಲೇ ಸಮಾಧಾನ ಆಗಲಿಕ್ಕಿಲ್ಲ.

ಆಮೇಲೆ, ತೊಟ್ಟು ಎಲ್ಲಿದೆ ನೋಡಿ

ಬ್ರಾ ತೆಗೆದು ನೇರವಾಗಿ ನಿಲ್ಲಿ. ಸ್ತನದ ಕೆಳಗಿನ ಮಡಿಕೆಯಲ್ಲಿ ಒಂದು ಸ್ಕೇಲನ್ನು ಅಡ್ಡವಾಗಿ ಹಿಡಿದು, ಪಕ್ಕದಿಂದ ನೋಡಿ. ತೊಟ್ಟು ಆ ಗೆರೆಯ ಮಟ್ಟದಲ್ಲೇ ಇದ್ದರೆ ಇಳಿತ ಕಡಿಮೆ. ಗೆರೆಗಿಂತ ಕೆಳಗಿದ್ದೂ ಮುಂದಕ್ಕೇ ನೋಡುತ್ತಿದ್ದರೆ ಮಧ್ಯಮ. ಎಲ್ಲಕ್ಕಿಂತ ಕೆಳಗೆ ಬಂದು ನೆಲ ನೋಡುತ್ತಿದ್ದರೆ ಜಾಸ್ತಿ. 1976ರಲ್ಲಿ ರೆನೋ ಎಂಬ ಸರ್ಜನ್ ಮಾಡಿದ ಈ ವಿಂಗಡಣೆಯನ್ನೇ ಇವತ್ತಿಗೂ ಬಳಸುತ್ತಾರೆ.

ಇಳಿತ ಕಡಿಮೆ ಇದ್ದು, ಒಳಗೆ ಖಾಲಿ ಇದ್ದರೆ ಕೆಲವರಿಗೆ ಇಂಪ್ಲಾಂಟ್ ಒಂದೇ ಸಾಕಾಗಬಹುದು. ಇಳಿತ ಜಾಸ್ತಿ ಇರುವವರಿಗೆ ಲಿಫ್ಟ್ ಇಲ್ಲದೆ ಇಂಪ್ಲಾಂಟ್ ಮಾತ್ರ ಇಟ್ಟರೆ ಅದು ಮೇಲೆ ಕುಳಿತುಬಿಡುತ್ತದೆ, ಸ್ತನ ಅದರಿಂದ ಕೆಳಕ್ಕೆ ಜಾರಿದ ಹಾಗೆ ಕಾಣುತ್ತದೆ. ‘ಲಿಫ್ಟ್ ಬೇಡ, ಕಲೆ ಉಳಿಯುತ್ತೆ, ಬರೀ ಇಂಪ್ಲಾಂಟ್ ಹಾಕಿ’ ಅನ್ನುವವರು ಇದನ್ನು ಯೋಚಿಸಬೇಕು.

ಕಲೆಯ ಮಾತು ನಿಜವೇ. ಇಳಿತ ಕಡಿಮೆ ಇದ್ದರೆ ತೊಟ್ಟಿನ ಸುತ್ತ ಮಾತ್ರ ಹೊಲಿಗೆ. ಜಾಸ್ತಿಯಾದಂತೆ ಅಲ್ಲಿಂದ ಕೆಳಕ್ಕೊಂದು ಗೆರೆ, ತೀರಾ ಜಾಸ್ತಿ ಇದ್ದರೆ ಮಡಿಕೆಯ ಉದ್ದಕ್ಕೂ ಇನ್ನೊಂದು. ಒಂದು ವರ್ಷದಲ್ಲಿ ತಿಳಿಯಾಗುತ್ತವೆ, ಅಳಿಸಿ ಹೋಗುವುದಿಲ್ಲ. ಕಿವಿ ಚುಚ್ಚಿಸಿದ ಕಡೆ ಗಂಟು ಕಟ್ಟಿದ್ದರೆ, ಹಳೆ ಗಾಯ ಉಬ್ಬಿಕೊಂಡಿದ್ದರೆ ಸರ್ಜನ್‌ಗೆ ತೋರಿಸಲೇಬೇಕು. ನಮ್ಮ ಬಣ್ಣದ ಚರ್ಮದಲ್ಲಿ ಇಂಥ ಉಬ್ಬಿದ ಕಲೆ (ಕೀಲಾಯ್ಡ್) ಬರುವುದು ಜಾಸ್ತಿ.

ಇಂಪ್ಲಾಂಟ್ ಕಡೆ ಮನಸ್ಸು ವಾಲಿದರೆ ಅಕ್ಕಿ ಪ್ರಯೋಗ

ಅಡುಗೆಮನೆಯ ಅಳತೆ ಲೋಟದಲ್ಲಿ ತಲಾ 250 ಮಿಲಿಯಷ್ಟು ಅಕ್ಕಿ ಅಳೆದು ಎರಡು ಪ್ಲಾಸ್ಟಿಕ್ ಕವರ್‌ಗೆ ಹಾಕಿ, ಗಾಳಿ ತೆಗೆದು ಕಟ್ಟಿ. ಸ್ವಲ್ಪ ದೊಡ್ಡ ಸ್ಪೋರ್ಟ್ಸ್ ಬ್ರಾ ಒಳಗಿಟ್ಟು ಒಂದು ದಿನ ಮಾಮೂಲಿ ಕೆಲಸ ಮಾಡಿ. ಪಾತ್ರೆ ತೊಳೆಯಿರಿ, ಬಟ್ಟೆ ಒಣಗಿಸಿ, ಮೆಟ್ಟಿಲು ಹತ್ತಿ. ಮರುದಿನ 300 ಮಿಲಿ ಮಾಡಿ ನೋಡಿ. ಆಕಾರ ನಿಖರವಾಗಿ ತಿಳಿಯದು, ಆದರೆ ಭುಜಕ್ಕೆ ಹೊರೆ ಗೊತ್ತಾಗುತ್ತದೆ. ಇಂಪ್ಲಾಂಟ್ ಅಕ್ಕಿಗಿಂತ ತೂಕ: 300 ಮಿಲಿಯದು ಸುಮಾರು 300 ಗ್ರಾಂ. ಎರಡೂ ಸೇರಿದರೆ ಅರ್ಧ ಕೆಜಿಗೂ ಮೇಲೆ, ಹಗಲೂ ರಾತ್ರಿ. ತೆಳುವಾದ, ಈಗಾಗಲೇ ಹಿಗ್ಗಿದ ಚರ್ಮ ಅದನ್ನು ಹೊತ್ತು ಮತ್ತೆ ಇಳಿಯಬಹುದು ಅನ್ನುವುದೂ ಲೆಕ್ಕದಲ್ಲಿರಲಿ.

ಇನ್ನೊಂದು ಲೆಕ್ಕ ವರ್ಷಗಳದ್ದು. ಇಂಪ್ಲಾಂಟ್ ಜೀವನಪೂರ್ತಿ ಬಾಳುವ ವಸ್ತುವಲ್ಲ. ಒಡೆಯಬಹುದು. ಸುತ್ತ ದೇಹ ಕಟ್ಟುವ ಪೊರೆ ಗಟ್ಟಿಯಾಗಿ ನೋಯಬಹುದು. ಸಿಲಿಕೋನ್ ಜೆಲ್‌ನದ್ದಾದರೆ ಮೊದಲ ಸಲ 5-6 ವರ್ಷಕ್ಕೆ, ಆಮೇಲೆ 2-3 ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಿ ಎನ್ನುತ್ತದೆ ಅಮೆರಿಕದ ಔಷಧ, ವೈದ್ಯಕೀಯ ಸಾಧನ ನಿಯಂತ್ರಣ ಸಂಸ್ಥೆ ಎಫ್‌ಡಿಎ. ಹೊರಮೈ ತರಿತರಿಯಾಗಿರುವ ಇಂಪ್ಲಾಂಟ್‌ಗಳಿಗೂ ಲಿಂಫೋಮಾ ಎಂಬ ಕ್ಯಾನ್ಸರ್‌ನ ಅಪರೂಪದ ಒಂದು ಬಗೆಗೂ ನಂಟು ಕಂಡುಬಂದು, 2019ರಲ್ಲಿ ಅಲರ್ಗನ್ ಕಂಪನಿ ತನ್ನ ಬಯೋಸೆಲ್ ಮಾದರಿಯನ್ನು ಜಗತ್ತಿನಾದ್ಯಂತ ವಾಪಸ್ ಪಡೆಯಿತು. ನುಣುಪಾದದ್ದೋ ತರಿಯದ್ದೋ ಅಂತ ಕೇಳಲು ಮುಜುಗರ ಬೇಡ.

ಎರಡೂ ಬೇಕೆಂದಾದರೆ, ಒಂದೇ ಸಲವಾ?

ಲಿಫ್ಟ್ ಚರ್ಮವನ್ನು ಬಿಗಿ ಮಾಡುತ್ತದೆ, ಇಂಪ್ಲಾಂಟ್ ಅದೇ ಚರ್ಮವನ್ನು ಒಳಗಿನಿಂದ ಹಿಗ್ಗಿಸುತ್ತದೆ. ಒಂದೇ ದಿನ ಎರಡನ್ನೂ ಮಾಡುವಾಗ ತೊಟ್ಟಿಗೆ ರಕ್ತ ಹೋಗುವ ದಾರಿ ಉಳಿಸಿಕೊಳ್ಳುವುದು ನಾಜೂಕಿನ ಕೆಲಸ. ಅನುಭವಿ ಸರ್ಜನ್‌ಗಳು ಮಾಡುತ್ತಾರೆ, ಒಂದೇ ಅರಿವಳಿಕೆಯಲ್ಲಿ ಮುಗಿಯುತ್ತದೆ. ಆದರೂ ಮತ್ತೆ ಸರಿಪಡಿಸುವ ಆಪರೇಷನ್ ಬೇಕಾಗುವ ಸಾಧ್ಯತೆ ಲಿಫ್ಟ್ ಒಂದಕ್ಕಿಂತ ಹೆಚ್ಚು. ನನ್ನನ್ನು ಕೇಳಿದರೆ, ಅನುಮಾನ ಇರುವವರು ಮೊದಲು ಲಿಫ್ಟ್ ಮಾಡಿಸಿ ಆರು ತಿಂಗಳು ಕಾಯುವುದು ಜಾಣತನ. ಊತ ಇಳಿದು ಆಕಾರ ಕೂತ ಮೇಲೆ ‘ಇಷ್ಟೇ ಸಾಕು’ ಅನ್ನಿಸಬಹುದು. ಬೇಕೆನಿಸಿದರೆ ಇಂಪ್ಲಾಂಟ್ ಆಗಲೂ ಇಡಬಹುದು. ಇಟ್ಟದ್ದನ್ನು ತೆಗೆಸುವುದು ಅಷ್ಟು ಸಲೀಸಲ್ಲ, ಹಿಗ್ಗಿದ ಚರ್ಮ ಅಲ್ಲೇ ಉಳಿಯುತ್ತದೆ. ಸ್ವಲ್ಪವೇ ತುಂಬಬೇಕಿದ್ದರೆ ಹೊಟ್ಟೆ, ತೊಡೆಯ ಕೊಬ್ಬನ್ನೇ ತೆಗೆದು ಹಾಕುವ ದಾರಿಯೂ ಇದೆ. ಹಾಕಿದ್ದೆಲ್ಲ ಉಳಿಯುವುದಿಲ್ಲ, ಒಂದಷ್ಟು ಕರಗಿ ಹೋಗುತ್ತದೆ.

ಯಾವಾಗ, ಯಾರ ಹತ್ತಿರ

ಇನ್ನೊಂದು ಮಗು ಬೇಕು ಅನ್ನುವ ಯೋಚನೆ ಇದ್ದರೆ ಮುಂದಕ್ಕೆ ಹಾಕಿ. ಹಾಲು ಬಿಡಿಸಿ ಕನಿಷ್ಠ ಮೂರು, ಸಾಧ್ಯವಾದರೆ ಆರು ತಿಂಗಳಾಗಲಿ. ತೂಕ ಇಳಿಸುತ್ತಿದ್ದರೆ ಅದು ಒಂದು ಕಡೆ ನಿಲ್ಲಲಿ. ಸಿಗರೇಟನ್ನು ಕನಿಷ್ಠ ನಾಲ್ಕು ವಾರ ಮೊದಲೇ ಬಿಡಬೇಕು, ಇದರಲ್ಲಿ ರಾಜಿ ಇಲ್ಲ. ನಲವತ್ತು ದಾಟಿದವರು ಮೊದಲು ಮ್ಯಾಮೊಗ್ರಾಮ್ ಮಾಡಿಸಿ. ಆಪರೇಷನ್ ಆದ ಮೇಲೆ ನಾಲ್ಕರಿಂದ ಆರು ವಾರ ಭಾರ ಎತ್ತುವಂತಿಲ್ಲ. ಎರಡು ವರ್ಷದ ಮಗುವೂ ಭಾರವೇ, ಹಾಗಾಗಿ ಮನೆಯಲ್ಲಿ ಕೈಜೋಡಿಸುವವರು ಇರಲಿ.

ಬೋರ್ಡ್ ಮೇಲೆ ‘ಕಾಸ್ಮೆಟಿಕ್’ ಅಂತ ಇದ್ದರೆ ಸಾಲದು. ಪ್ಲಾಸ್ಟಿಕ್ ಸರ್ಜರಿಯಲ್ಲೇ ಎಂಸಿಎಚ್ ಅಥವಾ ಡಿಎನ್‌ಬಿ (ಈಗ ಡಿಆರ್‌ಎನ್‌ಬಿ) ಪದವಿ ಆಗಿದೆಯಾ ನೋಡಿ. ಅವರೇ ಮಾಡಿದ, ನಿಮ್ಮಂಥದ್ದೇ ಮೈಕಟ್ಟಿನವರ ಒಂದು ವರ್ಷದ ನಂತರದ ಫೋಟೊ ಕೇಳಿ. ಅಂದಕ್ಕಾಗಿ ಮಾಡಿಸುವ ಆಪರೇಷನ್‌ಗೆ ವಿಮೆ ಸಿಗುವುದಿಲ್ಲ, ಜಿಎಸ್‌ಟಿ ವಿನಾಯಿತಿಯೂ ಇಲ್ಲ. ಮರು ಆಪರೇಷನ್ ಬೇಕಾದರೆ ಯಾವ್ಯಾವುದಕ್ಕೆ ಎಷ್ಟು ಅನ್ನುವುದನ್ನು ಬರೆಸಿಕೊಳ್ಳಿ. ಇಂಪ್ಲಾಂಟ್ ಇಡಿಸಿದವರು ಕಂಪನಿ, ಮಾದರಿ, ಸೀರಿಯಲ್ ನಂಬರ್ ಇರುವ ಕಾರ್ಡ್ ಕೇಳಿ ಪಡೆದು, ಆಧಾರ್ ಜೊತೆಗೇ ಇಡಿ. ಹತ್ತು ವರ್ಷ ಬಿಟ್ಟು ಮ್ಯಾಮೊಗ್ರಾಮ್ ಮಾಡುವವರು ಕೇಳಿದಾಗ ಅದು ಬೇಕಾಗುತ್ತದೆ.